‘ತೃಪ್ತಿ ಆಯ್ತು’ ಎನ್ನುತ್ತಲೇ ಸೊರಗಿದವರು: ಮಲೆನಾಡಿನ ಒಂದು ಪ್ರಕರಣ

ಮಲೆನಾಡಿನ ಊಟದ ಪಂಕ್ತಿಯಲ್ಲಿ ‘ಸಾಕು’ ಎಂಬ ಮಾತು ನಡೆಯುವುದಿಲ್ಲ. ಅದನ್ನು ಕೇಳಿದ ಮೇಲೇ ಬಡಿಸುವವರಿಗೆ ಹುರುಪು ಹೆಚ್ಚು. ಎಲೆಯ ಮೇಲೆ ಕೈ ಅಡ್ಡ ಹಿಡಿದರೂ ಬೆರಳ ಸಂದಿಯಲ್ಲಿ ಒಂದು ಸೌಟು ಸಾರು ಇಳಿದಿರುತ್ತದೆ. ‘ಹೊಟ್ಟೆ ತುಂಬ್ತು’ ಎಂದರೆ ‘ಮಜ್ಜಿಗೆಗೆ ಜಾಗ ಇರ್ತದೆ’ ಎಂಬ ಉತ್ತರ ಸಿದ್ಧವಾಗಿರುತ್ತದೆ. ಸೌಟನ್ನು ನಿಜವಾಗಿ ತಡೆಯುವ ಮಾತು ಒಂದೇ, ‘ತೃಪ್ತಿ ಆಯ್ತು’. ಅದರ ಮೇಲೂ ಒತ್ತಾಯ ಮಾಡಿದರೆ ಉಂಡವರ ಮಾತನ್ನೇ ನಂಬದ ಹಾಗಾಗುತ್ತದೆ.

ಒಬ್ಬ ಹಿರಿಯ ಹೆಂಗಸು ವರ್ಷಕ್ಕೂ ಮಿಕ್ಕಿ ದಿನವೂ ಈ ಮಾತು ಹೇಳುತ್ತ 58 ಕಿಲೋದಿಂದ 47 ಕಿಲೋಗೆ ಇಳಿದರು. ಹಿರಿಯರ ಮನೆ ಆರೈಕೆಯ ಕೆಲಸದಲ್ಲಿರುವ ನಾನು ಆ ಮನೆಗೆ ಹೋಗಿಬರುತ್ತಿದ್ದೆ. ಮನೆಯವರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಗುರುತು ಸಿಗುವಂಥ ವಿವರಗಳನ್ನು ಬದಲಿಸಿದ್ದೇನೆ. ಅವರನ್ನು ಇಲ್ಲಿ ದೊಡ್ಡಮ್ಮ ಎಂದು ಕರೆಯುತ್ತೇನೆ.

ಹಿನ್ನೆಲೆ

ತೀರ್ಥಹಳ್ಳಿ, ಹೊಸನಗರ ತಾಲ್ಲೂಕುಗಳ ಕಡೆಯ ಒಂದು ಅಡಿಕೆ ತೋಟದ ಮನೆ. ಮನೆಯ ಹಿಂದೆ ಗುಡ್ಡ, ಮುಂದೆ ಅಡಿಕೆ ಒಣಗಿಸುವ ಅಂಗಳ, ಅದರ ಕೆಳಗೆ ತೋಟ. ಮನೆಯಲ್ಲಿ ಮಗ, ಸೊಸೆ, ಪ್ರಾಥಮಿಕ ಶಾಲೆಗೆ ಹೋಗುವ ಮೊಮ್ಮಗಳು. ಮಗಳು ಬೆಂಗಳೂರಿನಲ್ಲಿ. ಯಜಮಾನರು ತೀರಿಹೋಗಿ ಮೂರು ವರ್ಷವಾಗಿತ್ತು. ದೊಡ್ಡಮ್ಮನಿಗೆ ಎಪ್ಪತ್ತು ದಾಟಿತ್ತು. ಸಕ್ಕರೆ ಕಾಯಿಲೆ ಇಪ್ಪತ್ತು ವರ್ಷದ್ದು, ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಎಚ್‌ಬಿಎ1ಸಿ ಎಂಟರಿಂದ ಒಂಬತ್ತರ ನಡುವೆಯೇ ಆಡುತ್ತಿತ್ತು. ಮೆಟ್‌ಫಾರ್ಮಿನ್, ಗ್ಲಿಮೆಪಿರೈಡ್ ಮಾತ್ರೆಗಳು ಮೊದಲಿಂದಲೂ ಇದ್ದವು. ಅಂಗಾಲು ಉರಿ ಶುರುವಾದ ಮೇಲೆ ರಾತ್ರಿಗೆ ಅಮಿಟ್ರಿಪ್ಟಿಲಿನ್ ಎಂಬ ಸಣ್ಣ ಮಾತ್ರೆಯೂ ಸೇರಿತ್ತು. ಈ ಕಾಲುರಿಯನ್ನೂ ಈ ಸಣ್ಣ ಮಾತ್ರೆಯನ್ನೂ ಓದುಗರು ನೆನಪಿಟ್ಟುಕೊಳ್ಳಬೇಕು.

ಅವರ ಕೈಯಡುಗೆ ಆ ಸೀಮೆಗೇ ಗೊತ್ತು. ಕೊಯ್ಲಿನ ಕಾಲದಲ್ಲಿ ಅಡಿಕೆ ಸುಲಿಯುವವರಿಗೆಲ್ಲ ಅಡುಗೆ ಮಾಡಿ ಬಡಿಸಿದವರು. ಕೆಸುವಿನೆಲೆ ಪತ್ರೊಡೆ, ಕಳಲೆ ಪಲ್ಯ, ಒಂದೆಲಗದ ತಂಬುಳಿ, ಅಪ್ಪೆಹುಳಿ, ಅರಿಸಿನ ಎಲೆಯ ಕಡುಬು. ಎದುರಿಗೆ ಕೂತವರು ಎಷ್ಟು ಉಂಡರು ಎಂಬುದರಿಂದ ತಮ್ಮ ದಿನ ಹೇಗೆ ಕಳೆಯಿತು ಎಂದು ಅಳೆಯುತ್ತಿದ್ದ ಜೀವ ಅದು. ಬಡಿಸುತ್ತಲೇ ಬದುಕಿದವರು ಬಡಿಸಿಕೊಳ್ಳುವ ಸ್ಥಾನಕ್ಕೆ ಬಂದಾಗ ಏನಾಗುತ್ತದೆ ಎಂಬುದೂ ಈ ಪ್ರಕರಣದ ಒಳಗೇ ಇದೆ.

ಆ ಮನೆಯಲ್ಲಿ ಆ ಮಾತಿಗೆ ಇದ್ದ ಬಲ

ತೃಪ್ತಿ ಎಂಬ ಮಾತು ನಮ್ಮಲ್ಲಿ ಬಹಳ ಕಡೆ ಸುತ್ತಾಡುತ್ತದೆ. ಶಾಲೆಯ ಪ್ರಗತಿ ಪತ್ರದಲ್ಲಿ ‘ತೃಪ್ತಿಕರ’ ಎಂದು ಬರೆದರೆ ಹುಡುಗ ಹೇಗೋ ದಾಟಿದ ಎಂದಷ್ಟೇ ಅರ್ಥ. ಆಸ್ಪತ್ರೆಯ ಚೀಟಿಯಲ್ಲಿ ‘ಸ್ಥಿತಿ ತೃಪ್ತಿಕರ’ ಎಂದಿದ್ದರೆ ಸದ್ಯಕ್ಕೆ ಭಯವಿಲ್ಲ ಎಂದು. ಪತ್ರಿಕೆಯಲ್ಲಿ ‘ಅತೃಪ್ತ ಶಾಸಕರು’ ಎಂದು ಓದಿದಾಗ ಯಾರೂ ಅವರ ಊಟದ ಬಗ್ಗೆ ಯೋಚಿಸುವುದಿಲ್ಲ. ಊಟದ ಮನೆಯಲ್ಲಿ ಮಾತ್ರ ಅದಕ್ಕೆ ಪೂರ್ತಿ ತೂಕ. ಸಂಸ್ಕೃತದ ‘ತೃಪ್’ ಧಾತುವಿನಿಂದ ಬಂದ ಮಾತು ಅದು, ಪಿತೃಗಳಿಗೆ ನೀರು ಬಿಡುವ ತರ್ಪಣವೂ ಅದೇ ಮೂಲದ್ದು. ಶ್ರಾದ್ಧದ ದಿನ ಊಟ ಮುಗಿಯುವಾಗ ಕರ್ತೃ ‘ತೃಪ್ತಾಃ ಸ್ಥ?’ ಎಂದು ಕೇಳುತ್ತಾನೆ, ಉಂಡವರು ‘ತೃಪ್ತಾಃ ಸ್ಮಃ’ ಎನ್ನುತ್ತಾರೆ. ಆ ಉತ್ತರ ಬಂದ ಮೇಲೆಯೇ ಮುಂದಿನ ಕೆಲಸ. ಯಜಮಾನರ ಶ್ರಾದ್ಧವನ್ನು ವರ್ಷ ವರ್ಷವೂ ಮಾಡುವ ಈ ಮನೆಯಲ್ಲಿ ಆ ಮಾತಿನ ಮೇಲೆ ಇನ್ನೊಂದು ಮಾತಿಲ್ಲ.

ಇದಕ್ಕೆ ಕನ್ನಡದ್ದೇ ಮಾತೊಂದಿದೆ, ತಣಿ. ತಣ್ಣಗೆ, ತಂಪು, ತಣ್ಣೀರು ಎನ್ನುವಲ್ಲಿ ಇರುವ ಬೇರೇ ಅದು. ಉರಿಯುತ್ತಿದ್ದ ಹಸಿವೋ ಆಸೆಯೋ ಆರಿತು ಎಂಬ ಭಾವ. ‘ಮನದಣಿಯೆ’ ಎನ್ನುವಾಗ ಅಲ್ಲಿರುವುದು ಮನ ಮತ್ತು ತಣಿಯೆ; ಸಂಧಿಯಲ್ಲಿ ತಕಾರ ದಕಾರವಾಗಿದೆ. ಎಷ್ಟೋ ಜನ ಅದನ್ನು ದಣಿವಿಗೆ ಸೇರಿಸಿ ಓದುತ್ತಾರೆ. ದೊಡ್ಡಮ್ಮ ಈ ಎರಡನ್ನೂ ಬೇರೆಬೇರೆಯಾಗಿಯೇ ಬಳಸುತ್ತಿದ್ದರು. ಬಿಸಿಲಿನಿಂದ ಬಂದು ಮಜ್ಜಿಗೆ ಕುಡಿದರೆ ‘ಜೀವ ತಣೀತು’ ಎನ್ನುವರು. ಎಲೆಯ ಮುಂದೆ ‘ತೃಪ್ತಿ ಆಯ್ತು’ ಎನ್ನುವರು. ಸೊರಗುತ್ತಿದ್ದ ಆ ಒಂದೂವರೆ ವರ್ಷ ಮೊದಲಿನ ಮಾತು ಅವರ ಬಾಯಲ್ಲಿ ಬರಲೇ ಇಲ್ಲ ಎಂದು ಸೊಸೆಗೆ ಹೊಳೆದದ್ದು ಎಷ್ಟೋ ಕಾಲದ ಮೇಲೆ. ಎರಡನೆಯದು ಮಾತ್ರ ಎಡೆಬಿಡದೆ ಬರುತ್ತಿತ್ತು.

ತೊಂದರೆ

ಮೊದಲು ರಾತ್ರಿಯೂಟ ಅರ್ಧವಾಯಿತು. ಆಮೇಲೆ ಮಧ್ಯಾಹ್ನದ್ದು. ನಾಲ್ಕು ತುತ್ತಿಗೆ ‘ತೃಪ್ತಿ ಆಯ್ತು’. ಅದರ ಹಿಂದೆಯೇ ಒಂದು ತೇಗು. ತೇಗು ಕೇಳಿದ ಮೇಲೆ ನಮ್ಮ ಕಡೆ ಅನುಮಾನಕ್ಕೆ ಜಾಗವೇ ಇಲ್ಲ, ಅದು ಉಂಡವರು ಹಾಕುವ ರುಜು. ಮಗ ಅಂದುಕೊಂಡದ್ದು, ‘ಅಪ್ಪ ಹೋದ ಮೇಲೆ ಅಮ್ಮಂಗೆ ಎಲ್ಲದರ ಮೇಲೂ ಆಸೆ ಹೋಯ್ತು’. ನೆಂಟರು ‘ವಯಸ್ಸಾದ ಮೇಲೆ ಹಾಗೇ ಇರಬೇಕು, ಎಷ್ಟು ಸಮಾಧಾನಿ ನೋಡಿ’ ಎಂದು ಹೊಗಳಿದರು. ಕಡಿಮೆ ಉಣ್ಣುವ ಮುದುಕರನ್ನು ಸಮಾಜ ಮೆಚ್ಚುತ್ತದೆ, ಹೆಂಗಸಾದರೆ ಇನ್ನೂ ಹೆಚ್ಚು. ಇದನ್ನು ಬರೆಯುವಾಗಲೂ ನನಗೆ ಸಂಕಟವಾಗುತ್ತದೆ.

ರವಿಕೆಗಳು ಸಡಿಲವಾದವು. ಕೈಬಳೆ ಮೊಣಕೈವರೆಗೆ ಜಾರುತ್ತಿತ್ತು. ಜ್ವರ ಇರಲಿಲ್ಲ, ಕೆಮ್ಮು ಇರಲಿಲ್ಲ, ನೋವು ಎಂದು ಒಮ್ಮೆಯೂ ಹೇಳಲಿಲ್ಲ. ತೂಕ ಇಳಿದದ್ದು ಬಿಟ್ಟರೆ ದೂರೇ ಇಲ್ಲದ ರೋಗಿ.

ಮಾಡಿ ನೋಡಿದ್ದು

ಮನೆಯವರು ಕೈಕಟ್ಟಿ ಕೂತವರಲ್ಲ. ಸೊಸೆ ಅತ್ತೆಗೆ ಇಷ್ಟದ್ದನ್ನೆಲ್ಲ ಮಾಡತೊಡಗಿದಳು. ತುಪ್ಪ ಸುರಿದ ಕಡುಬು, ಕಾಯಿಹಾಲು, ತೆಂಗಿನತುರಿ ಹಾಕಿದ ಸೊಪ್ಪಿನ ಪಲ್ಯ, ಹಲಸಿನ ಬೀಜದ ಹುಳಿ. ಸಕ್ಕರೆ ಕಾಯಿಲೆಗೆ ನಾರಿನಂಶ ಒಳ್ಳೆಯದೆಂದು ಓದಿ ಹಸಿ ತರಕಾರಿ, ಮೊಳಕೆ ಕಾಳು ಸೇರಿಸಿದಳು. ಬೆಂಗಳೂರಿನ ಮಗಳು ಪ್ರೋಟೀನ್ ಪುಡಿಯ ಡಬ್ಬ ಕಳಿಸಿದಳು. ದಿನಾ ರಾತ್ರಿ ಫೋನಿನಲ್ಲಿ ಅವಳದ್ದು ಒಂದೇ ಪ್ರಶ್ನೆ, ‘ಅಮ್ಮಾ, ತೃಪ್ತಿಯಾಗಿ ಉಂಡ್ಯಾ?’ ದಿನಾ ಒಂದೇ ಉತ್ತರ, ‘ಹ್ಞೂಂ, ತೃಪ್ತಿ ಆಯ್ತು.’

ಊರಿನ ವೈದ್ಯರು ಮೊದಲು ಮೆಟ್‌ಫಾರ್ಮಿನ್ ಮೇಲೆ ಅನುಮಾನಪಟ್ಟರು. ಆ ಮಾತ್ರೆ ಕೆಲವರಿಗೆ ಹಸಿವು ಕಟ್ಟಿಸುತ್ತದೆ. ಅದನ್ನು ಅರ್ಧ ಮಾಡಿದರೂ ವ್ಯತ್ಯಾಸ ಕಾಣಲಿಲ್ಲ. ಥೈರಾಯ್ಡ್ ನೋಡಿದರು, ಸರಿಯಿತ್ತು. ಹೊಸ ಕಟ್ಟು ಹಲ್ಲು ಮಾಡಿಸಿದರು. ಖಿನ್ನತೆ ಇರಬಹುದೇ ಎಂದು ಸಮಾಧಾನವಾಗಿ ಕೂರಿಸಿ ಮಾತಾಡಿಸಿದರು. ದೊಡ್ಡಮ್ಮ ಹಾಡು ಹೇಳಿಕೊಂಡೇ ಹೂ ಕಟ್ಟುತ್ತಿದ್ದರು, ನಿದ್ದೆ ಚೆನ್ನಾಗಿತ್ತು, ಮೊಮ್ಮಗಳ ಜಡೆ ಹಾಕುವುದು ತಪ್ಪಿರಲಿಲ್ಲ. ಖಿನ್ನತೆಯ ಲಕ್ಷಣ ಅದಾಗಿರಲಿಲ್ಲ. ಕಷಾಯಗಳಾದವು, ದೇವರಿಗೆ ಹರಕೆಯಾಯಿತು.

ಈ ನಡುವೆ ಮೊಮ್ಮಗಳು ಒಂದು ಸುದ್ದಿ ತಂದಳು. ಅಜ್ಜಿ ತಟ್ಟೆಯಲ್ಲಿ ಉಳಿದದ್ದನ್ನು ಯಾರೂ ನೋಡದಾಗ ಕಲಗಚ್ಚಿನ ಬಾನಿಗೆ ಸುರಿದು ಮೇಲೆ ಅಕ್ಕಿ ತೊಳೆದ ನೀರು ಹಾಕುತ್ತಾರೆ ಎಂದು. ಮಗನಿಗೆ ಸಿಟ್ಟು ಬಂತು, ಸೊಸೆಗೆ ಅಳು. ನನಗೆ ಅದು ದೊಡ್ಡ ಸುಳಿವು ಎನಿಸಿತು. ಹಸಿವಿಲ್ಲದವರು ಉಳಿಸುತ್ತಾರೆ, ಸರಿ. ಆದರೆ ಮುಚ್ಚಿಡುವುದು ಏಕೆ? ಆಸೆ ಕಳೆದುಕೊಂಡವರಿಗೆ ಯಾರ ಮನಸ್ಸು ನೋಯುತ್ತದೋ ಎಂಬ ಗೊಡವೆಯೂ ಕಡಿಮೆಯಿರುತ್ತದೆ. ಇವರು ಬಡಿಸಿದವಳ ಮನಸ್ಸು ಕಾಯುತ್ತಿದ್ದರು.

ಅಂಗಳದ ಮಧ್ಯಾಹ್ನ

ಕೊಯ್ಲಿನ ಕಾಲ. ಅಂಗಳದ ತುಂಬ ಅಡಿಕೆ. ಮಧ್ಯಾಹ್ನದ ಊಟವಾಗಿ ಇನ್ನೂ ಒಂದು ಗಂಟೆ ಆಗಿರಲಿಲ್ಲ. ಒಣಗುತ್ತಿದ್ದ ಅಡಿಕೆಗೆ ಕೈಯಾಡಿಸಲು ಕೂತ ದೊಡ್ಡಮ್ಮ ಮೈಯೆಲ್ಲ ಬೆವೆತು ನಡುಗತೊಡಗಿದರು, ಮಾತು ತೊದಲಿತು. ಸೊಸೆ ಗ್ಲುಕೋಮೀಟರ್ ತಂದು ಬೆರಳು ಚುಚ್ಚಿದಳು: 54. ರಕ್ತದ ಸಕ್ಕರೆ 70ಕ್ಕಿಂತ ಇಳಿದರೆ ತಕ್ಷಣ ಮೂರು ಚಮಚೆಯಷ್ಟು ಸಕ್ಕರೆ ನೀರಲ್ಲಿ ಕದಡಿ ಕುಡಿಸಬೇಕು, ಕಾಲು ಗಂಟೆ ಬಿಟ್ಟು ಮತ್ತೆ ನೋಡಬೇಕು ಎಂಬುದು ಅವಳಿಗೆ ಗೊತ್ತಿತ್ತು. ಹಾಗೇ ಮಾಡಿದಳು. ಕಾಲು ಗಂಟೆ ಬಿಟ್ಟು ನೋಡಿದರೆ 58. ಮತ್ತೆ ಕುಡಿಸಿದಳು. ಬಹಳ ಹೊತ್ತಿನ ಮೇಲೆ 90 ದಾಟಿತು. ಅದೇ ಸಂಜೆ, ಏನೂ ತಿನ್ನದಿದ್ದರೂ, 280 ತೋರಿಸಿತು.

ಮನೆಯವರು ‘ಉಣ್ಣದೆ ಹೀಗಾಯ್ತು’ ಎಂದು ತೀರ್ಮಾನಿಸಿದರು. ಸೊಸೆ ಒಪ್ಪಲಿಲ್ಲ. ಅವತ್ತು ಅವಳು ಎದುರೇ ಕೂತಿದ್ದಳು, ಅತ್ತೆ ಒಂದು ಪೂರ್ತಿ ಕಡುಬು ತಿಂದದ್ದನ್ನು ಕಣ್ಣಾರೆ ಕಂಡಿದ್ದಳು. ‘ಉಂಡವರಿಗೆ ಸಕ್ಕರೆ ಇಳಿಯೋದು ಹೇಗೆ? ಉಣ್ಣದೆ ಇರೋವಾಗ ಏರೋದು ಹೇಗೆ?’ ಎಂದು ನನ್ನನ್ನು ಕೇಳಿದಳು. ಇಡೀ ಪ್ರಕರಣದಲ್ಲಿ ಯಾರೇ ಕೇಳಿದ ಪ್ರಶ್ನೆಗಳಲ್ಲಿ ಇದೇ ಅತ್ಯುತ್ತಮದ್ದು. ಓದಿದ್ದು ಪಿಯುಸಿವರೆಗೆ, ಆದರೆ ಎರಡು ಸಂಖ್ಯೆಗಳನ್ನು ಪಕ್ಕಪಕ್ಕ ಇಟ್ಟು ನೋಡುವ ತಾಳ್ಮೆ ಅವಳಿಗಿತ್ತು.

ಉತ್ತರ ಒಂದೇ ಸಾಧ್ಯವಿತ್ತು. ಊಟ ಹೊಟ್ಟೆಗೆ ಹೋಗಿತ್ತು, ಹೊಟ್ಟೆಯಿಂದ ಮುಂದೆ ಹೋಗಿರಲಿಲ್ಲ. ಗ್ಲಿಮೆಪಿರೈಡ್ ಮಾತ್ರೆ ತನ್ನ ಹೊತ್ತಿಗೆ ಸರಿಯಾಗಿ ಇನ್ಸುಲಿನ್ ಬಿಡಿಸಿತ್ತು. ಅದಕ್ಕೆ ಸಿಗಬೇಕಾದ ಸಕ್ಕರೆ ಮಾತ್ರ ಇನ್ನೂ ಜಠರದಲ್ಲೇ ಕೂತಿತ್ತು, ರಕ್ತಕ್ಕೆ ಬಂದದ್ದು ಸಂಜೆಗೆ. ಕುಡಿಸಿದ ಸಕ್ಕರೆ ನೀರು ನಿಧಾನವಾದದ್ದಕ್ಕೂ ಕಾರಣ ಇದೇ.

ಕೇಳಿದ ಪ್ರಶ್ನೆ

ಮರುವಾರ ನಾನು ದೊಡ್ಡಮ್ಮನ ಹತ್ತಿರ ತೃಪ್ತಿಯ ಮಾತೇ ಎತ್ತಲಿಲ್ಲ. ‘ಬೆಳಿಗ್ಗೆ ಎಷ್ಟು ಹೊತ್ತಿಗೆ ಹಸಿವಾಗ್ತದೆ?’ ಎಂದೆ.

ಅವರು ನಕ್ಕರು. ‘ಹಸಿವಾ? ಅದು ಈ ಕಡೆ ಬಂದೇ ಎಷ್ಟೋ ಕಾಲ ಆಯ್ತು ಮಾರಾಯ್ತಿ.’

‘ತೇಗು ಬರ್ತದಲ್ಲ, ಅದರಲ್ಲಿ ಯಾವ ರುಚಿ?’

‘ನಿನ್ನೆ ರಾತ್ರಿದು. ಬೆಳಿಗ್ಗೆಗೂ ಸಾರಿನ ಹುಳಿ ಬಾಯಿಗೆ ಬರ್ತದೆ. ಗ್ಯಾಸಿನ ಮಾತ್ರೆ ತಿಂದ ದಿನ ಮಾತ್ರ ಸ್ವಲ್ಪ ಹಗುರ, ಅವತ್ತು ಉಣ್ಣಬಹುದು.’

ಹಸಿವಿನ ಬೆನ್ನಿಗೆ ಬಂದರೆ ಮಾತ್ರ ಅದು ತೃಪ್ತಿ. ಹಸಿವೇ ಇಲ್ಲದೆ ಬಂದ ‘ತೃಪ್ತಿ ಆಯ್ತು’ ಬೇರೇನನ್ನೋ ಹೇಳುತ್ತಿತ್ತು. ತೇಗೂ ಹಾಗೆಯೇ, ಎಲ್ಲರೂ ಉಂಡ ಗುರುತೆಂದು ತಿಳಿದದ್ದು ಕೊಳೆಯುತ್ತಿದ್ದ ಊಟದ ಗುರುತಾಗಿತ್ತು. ಗ್ಯಾಸಿನ ಮಾತ್ರೆ ಯಾವುದೆಂದು ತರಿಸಿ ನೋಡಿದೆ. ಪ್ಯಾಂಟೊಪ್ರಜೋಲ್ ಜೊತೆ ಡೊಂಪೆರಿಡೋನ್ ಇರುವ ಮಾತ್ರೆ, ಅಂಗಡಿಯಿಂದ ಯಾರೋ ತಂದುಕೊಟ್ಟದ್ದು. ಡೊಂಪೆರಿಡೋನ್ ಜಠರವನ್ನು ಮುಂದಕ್ಕೆ ನೂಕುವ ಮದ್ದು. ಅದು ತಿಂದ ದಿನ ಉಣ್ಣಲು ಆಗುತ್ತಿತ್ತು ಎಂದರೆ ಆಸೆ ಸತ್ತಿಲ್ಲ, ದಾರಿ ಕಟ್ಟಿದೆ ಎಂದೇ ಅರ್ಥ.

‘ಹಾಗಾದ್ರೆ ತೃಪ್ತಿ ಆಯ್ತು ಅಂತ ಯಾಕೆ ಹೇಳ್ತಿದ್ರಿ?’ ಎಂದು ಆಮೇಲೆ ಕೇಳಿದೆ. ‘ಸಾಕು ಅಂದ್ರೆ ಬಿಡ್ತಿದ್ರಾ? ಆ ಹುಡುಗಿ ಬೆಳಿಗ್ಗೆ ನಾಲ್ಕಕ್ಕೆದ್ದು ಕಡುಬಿಗೆ ಇಡ್ತಾಳೆ. ಸೇರೋದಿಲ್ಲ ಅಂತ ಹೇಗೆ ಹೇಳ್ಲಿ?’

ಬಡಿಸುವವರ ಕೈ ತಡೆಯಲು ಅವರಿಗೆ ತಿಳಿದಿದ್ದ ಮಾತು ಅದೊಂದೇ. ಐವತ್ತು ವರ್ಷ ಸೌಟಿನ ಆ ಕಡೆ ನಿಂತವರಿಗೆ ಯಾವ ಮಾತಿಗೆ ಕೈ ನಿಲ್ಲುತ್ತದೆ ಎಂಬುದು ಚೆನ್ನಾಗಿ ಗೊತ್ತಿತ್ತು.

ಬೇಡ ಎಂದದ್ದು

ಜಠರ ನಿಧಾನವಾಗಿದೆಯೆಂಬ ಅನುಮಾನ ಹುಟ್ಟಿದ ಕೂಡಲೇ ಅದೇ ಎಂದು ಹೇಳಲಾಗದು. ಹುಣ್ಣಿನಿಂದ ಜಠರ ಕರುಳಿಗೆ ತೆರೆಯುವ ಬಾಯಿ ಕಿರಿದಾದರೂ, ಗಡ್ಡೆ ಬೆಳೆದರೂ ಇದೇ ಲಕ್ಷಣ. ತೂಕ ಬೇರೆ ಇಳಿದಿದೆ. ಎಂಡೋಸ್ಕೋಪಿ ಆಗಲೇಬೇಕಿತ್ತು. ಮಗ ಶಿವಮೊಗ್ಗಕ್ಕೆ ಕರೆದೊಯ್ಯಲು ಕಾರು ಹೇಳಿದ. ದೊಡ್ಡಮ್ಮ ಜಗಲಿಯಲ್ಲಿ ಕೂತುಬಿಟ್ಟರು. ‘ನಾನು ತೃಪ್ತಿಯಿಂದ ಬದುಕಿದ್ದೀನಿ. ಇನ್ನು ಸಾಕು. ಗಂಟಲಿಗೆ ಪೈಪು ಹಾಕೋದೆಲ್ಲ ಬೇಡ.’

ನನ್ನ ಅಭಿಪ್ರಾಯದಲ್ಲಿ ಪ್ರಕರಣದ ಅತಿ ಕಷ್ಟದ ಘಳಿಗೆ ಇದು. ತುಂಬು ಬಾಳು ಬಾಳಿದ ವ್ಯಕ್ತಿ ಯೋಚಿಸಿ ‘ತೃಪ್ತಿ, ಸಾಕು’ ಎಂದರೆ ಅದನ್ನು ಗೌರವಿಸಲೇಬೇಕು. ಆ ಹಕ್ಕನ್ನು ವಯಸ್ಸಾದವರಿಂದ ಕಿತ್ತುಕೊಳ್ಳುವ ಮನೆಗಳನ್ನು ಬೇಕಾದಷ್ಟು ನೋಡಿದ್ದೇನೆ. ಇನ್ನೊಂದು ಕಡೆ, ಊಟದ ಎಲೆಯ ಮುಂದೆ ಒಂದು ಅರ್ಥಕ್ಕೆ ಬಳಸುತ್ತಿದ್ದ ಅದೇ ಮಾತು ಇಲ್ಲೂ ಕೈ ತಡೆಯಲು ಬಂದಿರಬಹುದು. ಮಗ ‘ಎತ್ತಿಕೊಂಡು ಹೋಗ್ತೀನಿ’ ಎಂದ. ಮಗಳು ಫೋನಿನಲ್ಲಿ ‘ಅಮ್ಮನ ಇಷ್ಟಕ್ಕೆ ಬಿಡಿ’ ಎಂದಳು. ಇಬ್ಬರಿಗೂ ಅಮ್ಮನ ಮೇಲೆ ಒಂದೇ ಪ್ರೀತಿ.

ಅವತ್ತು ಕಾರು ವಾಪಸ್ಸು ಕಳಿಸಿದೆವು. ಎಲ್ಲರೂ ತೋಟಕ್ಕೆ ಹೋದ ಮೇಲೆ ಅವರೊಬ್ಬರ ಜೊತೆ ಕೂತು, ಬದುಕು ಸಾಕಾಗಿದೆಯೋ ಇನ್ನೇನಾದರೂ ಸಾಕಾಗಿದೆಯೋ ಎಂದು ಕೇಳಿದೆ. ಬಹಳ ಹೊತ್ತು ಸುಮ್ಮನಿದ್ದು ಹೇಳಿದರು: ‘ಬದುಕು ಸಾಕಾಗಿಲ್ಲ. ಮೊಮ್ಮಗಳ ಮದುವೆ ನೋಡ್ಬೇಕು ನಂಗೆ. ಊಟ ಮಾಡಿಸಿಕೊಳ್ಳೋದು ಸಾಕಾಗಿದೆ. ದಿನಕ್ಕೆ ಮೂರು ಹೊತ್ತು ನನ್ನ ತಟ್ಟೆ ನೋಡ್ತಾರೆ.’

ಪೈಪಿನ ಭಯವೂ ಇತ್ತು. ಗಂಟಲಿಗೆ ಮರಗಟ್ಟುವ ಔಷಧ ಸಿಂಪಡಿಸುತ್ತಾರೆ, ಕೆಲವೇ ನಿಮಿಷದ ಕೆಲಸ, ಬೇಕಿದ್ದರೆ ಮಂಪರಿಗೆ ಚುಚ್ಚುಮದ್ದು ಕೊಡುತ್ತಾರೆ ಎಂದು ವಿವರಿಸಿದೆ. ಎರಡು ದಿನ ಯೋಚಿಸಿ ತಾವಾಗಿ ಒಪ್ಪಿದರು. ಅವರು ಹಾಕಿದ ಷರತ್ತು ಒಂದೇ: ಫಲಿತಾಂಶ ಏನೇ ಬರಲಿ, ಇನ್ನು ಮುಂದೆ ಯಾರೂ ತಮ್ಮ ತಟ್ಟೆ ನೋಡಬಾರದು.

ಸಿಕ್ಕಿದ ಉತ್ತರ

ರಾತ್ರಿಯಿಡೀ ಉಪವಾಸವಿದ್ದು ಬೆಳಿಗ್ಗೆ ಎಂಡೋಸ್ಕೋಪಿ ಮಾಡಿದಾಗ ಜಠರದಲ್ಲಿ ಹಿಂದಿನ ದಿನದ ಅನ್ನ, ಸೊಪ್ಪಿನ ಎಳೆ ಕಂಡವು. ಗಡ್ಡೆ ಇರಲಿಲ್ಲ, ಹುಣ್ಣು ಇರಲಿಲ್ಲ, ಬಾಯಿ ತೆರೆದೇ ಇತ್ತು. ಖಚಿತಪಡಿಸಲು ಘಟ್ಟದ ಕೆಳಗಿನ ದೊಡ್ಡ ಆಸ್ಪತ್ರೆಯಲ್ಲಿ ಜಠರ ಖಾಲಿಯಾಗುವ ವೇಗದ ಪರೀಕ್ಷೆ ನಡೆಯಿತು. ಅತಿ ಅಲ್ಪ ಪ್ರಮಾಣದ ಟೆಕ್ನೀಷಿಯಂ ಎಂಬ ವಿಕಿರಣ ಸೂಸುವ ವಸ್ತು ಬೆರೆಸಿದ ಆಹಾರ ತಿನ್ನಿಸಿ ಗಂಟೆ ಗಂಟೆಗೂ ಕ್ಯಾಮೆರಾದ ಕೆಳಗೆ ನೋಡುತ್ತಾರೆ. ಇವರಿಗೆ ಕೊಟ್ಟದ್ದು ಇಡ್ಲಿ. ನಾಲ್ಕು ಗಂಟೆಯ ಹೊತ್ತಿಗೆ ಜಠರದಲ್ಲಿ ಉಳಿದದ್ದು ನೂರಕ್ಕೆ ಹತ್ತಕ್ಕಿಂತ ಹೆಚ್ಚಿದ್ದರೆ ನಿಧಾನ ಎಂದರ್ಥ. ದೊಡ್ಡಮ್ಮನ ಹೊಟ್ಟೆಯಲ್ಲಿ ಮೂರನೇ ಒಂದು ಭಾಗ ಹಾಗೇ ಇತ್ತು. ಗ್ಯಾಸ್ಟ್ರೋಪರೇಸಿಸ್, ಅಂದರೆ ಜಠರದ ಜಡತೆ.

ತಿಂದದ್ದನ್ನು ಒಂದೆರಡು ಮಿಲಿಮೀಟರ್ ಚೂರಾಗುವವರೆಗೆ ಜಠರದ ಕೆಳಭಾಗ ಒರಳಿನಂತೆ ಅರೆಯುತ್ತದೆ, ಆಮೇಲೆ ಸ್ವಲ್ಪ ಸ್ವಲ್ಪವೇ ಸಣ್ಣ ಕರುಳಿಗೆ ಬಿಡುತ್ತದೆ. ಈ ಕೆಲಸಕ್ಕೆ ಅಪ್ಪಣೆ ಕೊಡುವುದು ಮಿದುಳಿನಿಂದ ಇಳಿದು ಬರುವ ವೇಗಸ್ ನರ. ಬಹುಕಾಲ ಹಿಡಿತಕ್ಕೆ ಬಾರದ ಸಕ್ಕರೆ ಅಂಗಾಲಿನ ನರಗಳನ್ನು ಕೆಡಿಸಿ ಉರಿ ತರುವ ಹಾಗೆಯೇ ಈ ನರವನ್ನೂ, ಜಠರದ ಗೋಡೆಯಲ್ಲಿ ತಾಳ ಹಾಕುವ ಜೀವಕೋಶಗಳನ್ನೂ ಕೆಡಿಸಬಲ್ಲದು. ಕಾಲುರಿ ಆ ದಾರಿಯ ಮೊದಲ ಗುರುತಾಗಿತ್ತು. ಕಾಲುರಿಗೆ ಕೊಟ್ಟ ಅಮಿಟ್ರಿಪ್ಟಿಲಿನ್‌ಗೆ ಕರುಳು, ಜಠರಗಳ ಚಲನೆ ತಗ್ಗಿಸುವ ಗುಣವೂ ಇದೆ. ಸೋತ ಜಠರಕ್ಕೆ ಅದು ಇನ್ನಷ್ಟು ಹೊರೆಯಾಗಿತ್ತು. ತೂಕ ಇಳಿಸಲು ಈಗ ಹೆಸರಾಗಿರುವ ಸೆಮಾಗ್ಲುಟೈಡ್‌ನಂಥ ಚುಚ್ಚುಮದ್ದು ತೆಗೆದುಕೊಳ್ಳುತ್ತಿದ್ದಾರಾ ಎಂದೂ ವೈದ್ಯರು ಕೇಳಿದರು, ಅವೂ ಜಠರವನ್ನು ನಿಧಾನಿಸುತ್ತವೆ. ಇವರಿಗೆ ಅದು ಇರಲಿಲ್ಲ.

ಸೊಸೆಯ ಮುಖ ಬಾಡಿದ್ದು ಆಹಾರದ ಮಾತು ಬಂದಾಗ. ಕೊಬ್ಬು ಜಠರವನ್ನು ನಿಧಾನ ಮಾಡುತ್ತದೆ. ನಾರು ಅರೆಯಲು ಕಷ್ಟ, ಕೆಲವೊಮ್ಮೆ ಒಳಗೇ ಗಂಟುಕಟ್ಟುತ್ತದೆ. ತುಪ್ಪದ ಕಡುಬು, ಕಾಯಿಹಾಲು, ತೆಂಗಿನತುರಿಯ ಪಲ್ಯ, ಹಸಿ ತರಕಾರಿ, ಮೊಳಕೆ ಕಾಳು, ಪ್ರೀತಿಯಿಂದ ಬಡಿಸಿದ ಒಂದೊಂದೂ ಈ ಜಠರಕ್ಕೆ ಭಾರವಾಗಿತ್ತು. ವೈದ್ಯರು ಅವಳಿಗೆ ಒಂದು ಮಾತು ಸ್ಪಷ್ಟವಾಗಿ ಹೇಳಿದರು: ಬೇರೆ ಸಕ್ಕರೆ ಕಾಯಿಲೆಯವರಿಗೆ ಆಕೆ ಮಾಡಿದ್ದು ಸರಿಯಾದ ಅಡುಗೆಯೇ. ಹೊಟ್ಟೆ ತುಂಬಿದೆ ಎಂಬ ಸುದ್ದಿಯನ್ನು ಜಠರದ ಗೋಡೆ ಹಿಗ್ಗಿ ಮಿದುಳಿಗೆ ಕಳಿಸುತ್ತದೆ. ದೊಡ್ಡಮ್ಮನ ವಿಷಯದಲ್ಲಿ ಆ ಸುದ್ದಿ ಸುಳ್ಳಾಗಿರಲಿಲ್ಲ. ಒಳಗೆ ನಿನ್ನೆಯದು ಇತ್ತು.

ಬದಲಾದ ಅಡುಗೆಮನೆ

ಅಮಿಟ್ರಿಪ್ಟಿಲಿನ್, ಗ್ಲಿಮೆಪಿರೈಡ್ ಎರಡನ್ನೂ ವೈದ್ಯರು ನಿಲ್ಲಿಸಿದರು. ಸಕ್ಕರೆಗೆ ಬೇರೆ ಏರ್ಪಾಡಾಯಿತು. ಇಸಿಜಿ ನೋಡಿಕೊಂಡು ಕೆಲವು ವಾರಗಳಿಗೆ ಡೊಂಪೆರಿಡೋನ್, ಊಟಕ್ಕೆ ಅರ್ಧ ಗಂಟೆ ಮೊದಲು. ಹೃದಯದ ಲಯ ಕೆಡಿಸಬಲ್ಲ ಮದ್ದಾದ್ದರಿಂದ ಅಂಗಡಿಯಿಂದ ತಾವೇ ತರಬಾರದು ಎಂದು ಎಚ್ಚರಿಸಿದರು. ಇದೇ ಕೆಲಸಕ್ಕೆ ಕೊಡುವ ಮೆಟೊಕ್ಲೊಪ್ರಮೈಡ್, ಲೆವೋಸಲ್ಪಿರೈಡ್‌ಗಳು ವಯಸ್ಸಾದವರಲ್ಲಿ ಕೈನಡುಕ, ಮೈ ಬಿಗಿತ ತರಬಲ್ಲವು ಎಂದು ಬೇಡವೆಂದರು. ಗ್ಯಾಸಿಗೆಂದು ಲೆವೋಸಲ್ಪಿರೈಡ್ ಬೆರೆತ ಮಾತ್ರೆಗಳನ್ನು ವರ್ಷಗಟ್ಟಲೆ ನುಂಗುವ ಹಿರಿಯರು ನಮ್ಮ ಊರುಗಳಲ್ಲಿ ಇದ್ದಾರೆ, ಅವರ ಮನೆಯವರು ಈ ಸಾಲನ್ನು ಎರಡು ಸಲ ಓದಲಿ.

ಅಡುಗೆ ಹಿಂದಿನ ಕಾಲಕ್ಕೆ ಮರಳಿತು. ದ್ರವ ಜಠರದಿಂದ ಬೇಗ ದಾಟುತ್ತದೆ. ಹಾಗಾಗಿ ಚೆನ್ನಾಗಿ ಬೇಯಿಸಿ ಕಡೆದ ಗಂಜಿ, ತೆಳು ತೊವ್ವೆ, ಸಿಪ್ಪೆ ಬೀಜ ತೆಗೆದು ಬೇಯಿಸಿ ನುಣ್ಣಗೆ ಅರೆದ ಸೌತೆ, ಕುಂಬಳ, ಬೆಣ್ಣೆ ತೆಗೆದ ಮಜ್ಜಿಗೆ. ಒಂದೆಲಗದ ತಂಬುಳಿಯನ್ನು ಬಟ್ಟೆಯಲ್ಲಿ ಸೋಸಿದ ಮೇಲೆ ಕೊಡಬಹುದಾಯಿತು, ತೆಂಗಿನಕಾಯಿ ಕಾಲುಭಾಗಕ್ಕಿಳಿಯಿತು. ಮೂರು ದೊಡ್ಡ ಊಟ ಹೋಗಿ ಆರು ಸಣ್ಣ ಊಟಗಳಾದವು. ಉಂಡ ಮೇಲೆ ಮಲಗುವಂತಿಲ್ಲ, ಅಂಗಳದಲ್ಲಿ ಒಂದಷ್ಟು ನಡಿಗೆ.

ಇದಕ್ಕಿಂತ ದೊಡ್ಡ ಬದಲಾವಣೆ ಬಡಿಸುವುದರಲ್ಲಿ. ಷರತ್ತಿನಂತೆ ಪಾತ್ರೆ ಅವರ ಪಕ್ಕಕ್ಕೆ ಬಂತು, ಸೌಟು ಅವರ ಕೈಗೆ. ‘ತೃಪ್ತಿ ಆಯ್ತಾ?’ ಎಂಬ ಪ್ರಶ್ನೆ ಮನೆಯಿಂದಲೇ ಹೋಯಿತು. ಅದರ ಬದಲು ಸೊಸೆ ಒಂದು ನೋಟ್‌ಬುಕ್ ಇಟ್ಟಳು. ಹಸಿವಾದ ಹೊತ್ತು, ಉಂಡದ್ದು, ಹೊಟ್ಟೆ ಭಾರ ಎಷ್ಟು ಹೊತ್ತು ಇತ್ತು, ತೇಗಿನ ರುಚಿ, ಸಕ್ಕರೆಯ ಅಂಕಿ. ಮೊದಲ ಪುಟಗಳಲ್ಲಿ ‘ಹಸಿವಾದ ಹೊತ್ತು’ ಎಂಬ ಕಾಲಂ ಖಾಲಿ. ಮೂರನೇ ವಾರದ ಒಂದು ದಿನ ಅಲ್ಲಿ ‘ಬೆಳಿಗ್ಗೆ 10.40’ ಎಂದು ಬರೆದು, ಅದರ ಸುತ್ತ ಗೆರೆ ಎಳೆದಿದ್ದಾಳೆ.

ಆಷಾಢದಲ್ಲಿ ದೊಡ್ಡಮ್ಮ ಪತ್ರೊಡೆ ಬೇಕೆಂದರು. ಕೆಸುವಿನೆಲೆ ಈ ಹೊಟ್ಟೆಗೆ ಸಲ್ಲದು ಎಂದು ಎಲ್ಲರಿಗೂ ಗೊತ್ತು, ಅವರಿಗೂ ಗೊತ್ತು. ಎರಡು ಬೆರಳಗಲದ ತುಂಡು ತಿಂದರು. ಮರುದಿನವೆಲ್ಲ ಹೊಟ್ಟೆ ಭಾರ, ನೋಟ್‌ಬುಕ್ಕಿನಲ್ಲಿ ದಾಖಲೆಯಿದೆ. ಆದರೆ ತಿಂದು ಕೈ ತೊಳೆದು ಬಂದವರು, ಯಾರೂ ಕೇಳದೆ, ‘ತೃಪ್ತಿ ಆಯ್ತು’ ಎಂದರು ಎಂದೂ ಅದೇ ಪುಟದಲ್ಲಿ ಸೊಸೆ ಬರೆದಿದ್ದಾಳೆ.

ಇತರರು ಗಮನಿಸಬೇಕಾದದ್ದು

ದೇಶದಲ್ಲಿ ಹತ್ತು ಕೋಟಿಗೂ ಹೆಚ್ಚು ಜನರಿಗೆ ಸಕ್ಕರೆ ಕಾಯಿಲೆ ಇದೆಯೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ನೆರವಿನ ಅಧ್ಯಯನ 2023ರಲ್ಲಿ ಅಂದಾಜಿಸಿತು. ಅವರಲ್ಲಿ ಬಹುಕಾಲದಿಂದ ಕಾಯಿಲೆ ಇರುವವರು, ಕಾಲುರಿ ಇರುವವರು, ನಾಲ್ಕು ತುತ್ತಿಗೆ ಎದ್ದರೆ ಅದನ್ನು ಸ್ವಭಾವ ಎನ್ನುವ ಮೊದಲು ಜಠರದ ಕಡೆ ನೋಡಬೇಕು. ಉಂಡ ಕೂಡಲೇ ಸಕ್ಕರೆ ಇಳಿದು ಬಹಳ ಹೊತ್ತಿನ ಮೇಲೆ ಏರುವುದು ಬಲವಾದ ಸುಳಿವು. ಗ್ಲುಕೋಮೀಟರಿನ ಅಂಕಿಯ ಪಕ್ಕ ಊಟದ ಹೊತ್ತನ್ನೂ ಬರೆದರೆ ಮಾತ್ರ ಅದು ಕಣ್ಣಿಗೆ ಬೀಳುತ್ತದೆ.

ಕೇಳುವ ರೀತಿಯ ಬಗ್ಗೆ ನನಗೆ ಖಚಿತವಾದದ್ದು ಇದು: ನಮ್ಮ ಕಡೆಯ ಹಿರಿಯರ ಹತ್ತಿರ ತೃಪ್ತಿ ಆಯ್ತಾ ಎಂದು ಕೇಳಿದರೆ ‘ಹೌದು’ ಎಂದೇ ಬರುತ್ತದೆ. ಆ ಪ್ರಶ್ನೆಗೆ ‘ಇಲ್ಲ’ ಎನ್ನುವುದು ಬಡಿಸಿದವರಿಗೆ ಮಾಡುವ ಅವಮಾನ. ಹಸಿವು ಎಷ್ಟು ಹೊತ್ತಿಗೆ ಎಂದು ಕೇಳಿದರೆ ಯಾರ ಮರ್ಯಾದೆಗೂ ಕುಂದಿಲ್ಲ, ಉತ್ತರ ಸರಾಗ ಬರುತ್ತದೆ. ಚಿಕಿತ್ಸೆ ಬೇಡ ಎಂಬ ದೊಡ್ಡ ನಿರ್ಧಾರದಲ್ಲಿ ಈ ಮಾತು ಬಂದರೆ, ಮನೆಯವರಿಲ್ಲದ ಹೊತ್ತಿನಲ್ಲಿ ಇನ್ನೊಮ್ಮೆ ಕೇಳಬೇಕು. ಆಗಲೂ ಅದೇ ಉತ್ತರ ಬಂದರೆ ಅದು ಅವರ ಉತ್ತರ, ನಾವು ಕೈ ಕಟ್ಟಿ ನಿಲ್ಲಬೇಕು. ದೊಡ್ಡಮ್ಮ ಎರಡನೇ ಸಲವೂ ಬೇಡ ಎಂದಿದ್ದರೆ ಕಾರನ್ನು ಮತ್ತೆ ಕರೆಸುತ್ತಿರಲಿಲ್ಲ ಎಂದು ಮಗನಿಗೆ ಮೊದಲೇ ಹೇಳಿದ್ದೆ.

ಈಗಿನ ಸ್ಥಿತಿ

ತೂಕ 51ಕ್ಕೆ ಬಂದಿದೆ. 58 ಆಗುವುದು ಕಷ್ಟ ಎಂದು ವೈದ್ಯರು ಹೇಳಿದ್ದಾರೆ. ಹಾಳಾದ ನರ ಪೂರ್ತಿ ಸರಿಯಾಗುವುದಿಲ್ಲ, ಕೆಟ್ಟ ದಿನಗಳು ಬರುತ್ತವೆ. ಸಕ್ಕರೆ ಹಿಡಿತದಲ್ಲಿದ್ದರೆ ಅಂಥ ದಿನಗಳು ಕಡಿಮೆ. ಡೊಂಪೆರಿಡೋನ್ ನಿಲ್ಲಿಸಿ, ಮಳೆಗಾಲದ ಕೊನೆಯಲ್ಲಿ ತೊಂದರೆ ಹೆಚ್ಚಾದಾಗ ಇನ್ನೊಂದು ಅವಧಿಗೆ ಕೊಟ್ಟರು. ಅಂಗಾಲಿನ ಉರಿಗೆ ಬೇರೆ ಮದ್ದು ಹುಡುಕುವುದು ಇನ್ನೂ ನಡೆದಿದೆ, ಬದಲಿಗೆ ಮೊದಲು ಕೊಟ್ಟು ನೋಡಿದ್ದು ತಲೆಸುತ್ತು ತಂದಿತು. ಯಜಮಾನರ ಶ್ರಾದ್ಧದ ದಿನ ಊಟ ತಡವಾಗುತ್ತದೆಂದು ಪುರೋಹಿತರನ್ನು ಕೇಳಿ, ದೊಡ್ಡಮ್ಮ ಬೆಳಿಗ್ಗೆಯೇ ಗಂಜಿ ಕುಡಿಯುವ ವ್ಯವಸ್ಥೆ ಮಾಡಿಕೊಂಡಿದ್ದಾರೆ. ಬೆಂಗಳೂರಿನ ಮಗಳು ರಾತ್ರಿಯ ಫೋನಿನಲ್ಲಿ ಮೊದಲು ಹಸಿವಿನ ಹೊತ್ತು ಕೇಳುತ್ತಾಳೆ, ಆಮೇಲೆ ಬೇರೆ ಮಾತು.